ಕಾದ ಪೆಟ್ಟಿಗೆ

ಸೊಲ್ಲಾಪುರದ ಬೇಸಗೆಯನ್ನು ಅನುಭವಿಸಿದವರಿಗೆ ಅದನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಅನುಭವಿಸದವರಿಗೆ ಎಷ್ಟು ವರ್ಣಿಸಿದರೂ ತಿಳಿಯಲಾರದು. ಏಪ್ರಿಲ್ ತಿಂಗಳ ನಡುವಿನಿಂದ ಮೇ ತಿಂಗಳ ಕೊನೆಯವರೆಗೆ ಇಲ್ಲಿ ಉಷ್ಣತೆ 42 ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದರವರೆಗೂ ನಮ್ಮ ಮೇಲೆ ಉಗುಳುತ್ತಿರುತ್ತವೆ. ಇಂಥ ದಿನಗಳಲ್ಲಿ ಮನುಷ್ಯರು ಕಾಯಿಲೆ ಬೀಳುವುದುಂಟು, ದನಕರುಗಳು ಮೇವು ಬಿಡುವುದುಂಟು. 2019ರ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಕಾಯಿಲೆ ಬಿದ್ದದ್ದು ಒಂದು ಯಂತ್ರ. ಯಂತ್ರದ ಕಾಯಿಲೆಯನ್ನು ಕುರಿತು ಕುಟುಂಬದ ಮಾಸಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂಬ ಶಂಕೆ ನಮಗೂ ಬಾರದಿರಲಿಲ್ಲ. ಆದರೆ ಆ ಕಾಯಿಲೆಯ ಮೂಲವನ್ನು ಹುಡುಕುತ್ತ ಹೋದ ನಾವು ಕಡೆಗೆ ನಮ್ಮ ಮನೆಯ ಹಿಂದಿನ ಕೋಣೆಗೆ ಬಂದು ಮುಟ್ಟಿದೆವು. ಆದುದರಿಂದ ವಾಚಕರು ತುಸು ತಾಳ್ಮೆಯಿಂದ ಕೇಳಬೇಕೆಂದು ಬಿನ್ನಹ.

ಆ ಯಂತ್ರದ ಹೆಸರು ಹೋಮ್ ಥಿಯೇಟರ್ ರಿಸೀವರ್. ಟಿ.ವಿ., ಡಿಸ್ಕ್, ಟೇಪು ಮೊದಲಾದವುಗಳಿಂದ ಬರುವ ಕ್ಷೀಣವಾದ ಸಂಕೇತವನ್ನು ಒಂದೆಡೆ ಬರಮಾಡಿಕೊಂಡು, ಅದಕ್ಕೆ ಬಲ ತುಂಬಿ, ಐದಾರು ಧ್ವನಿವರ್ಧಕಗಳಿಗೆ ಹಂಚುವ ಕಪ್ಪು ಪೆಟ್ಟಿಗೆ ಅದು. ಪುಣೆಯಲ್ಲಿ ಕೆಲಸಕ್ಕೆ ಸೇರಿದ ನಮ್ಮ ಮಗ 2011ರಲ್ಲಿ ತನ್ನ ಮೊದಲ ಬೋನಸ್ಸಿನಿಂದ ಅದನ್ನು ಕೊಂಡು ತಂದ. ಬಸ್ಸಿನಲ್ಲಿ ಆ ಹತ್ತು ಕಿಲೋ ಭಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದನೆಂಬುದನ್ನು ನೆನೆದರೆ ನಮಗೆ ಈಗಲೂ ಕರುಳು ಕಿವುಚಿದಂತಾಗುತ್ತದೆ. ಅಷ್ಟು ಪ್ರೀತಿಯಿಂದ ಬಂದ ವಸ್ತುವನ್ನು ನಾವು ಗೌರವದಿಂದಲೇ ಇರಿಸಿಕೊಂಡೆವು. ನಡುಮನೆಯ ತೇಗದ ಶೋಕೇಸಿನಲ್ಲಿ, ಗಾಜಿನ ಬಾಗಿಲ ಹಿಂದೆ, ಅದಕ್ಕೆ ಸ್ಥಾನ ಕಲ್ಪಿಸಿದೆವು. ಧೂಳು ಕೂಡಬಾರದೆಂದು ಅದರ ಮೇಲೆ ಒಂದು ಚಿಕ್ಕ ಸೊಲ್ಲಾಪುರಿ ಚಾದರವನ್ನು ಮಡಿಸಿ ಹೊದಿಸಿದೆವು. ಚಾದರದ ಮೇಲೆ ಕೇಬಲ್ಲಿನ ಸೆಟ್‌ಟಾಪ್ ಬಾಕ್ಸ್, ಅದರ ಮೇಲೆ ಹಳೆಯ ಕ್ಯಾಸೆಟ್ ಡೆಕ್ಕು. ನೋಡಿದವರೆಲ್ಲ ಬಹಳ ಅಚ್ಚುಕಟ್ಟಾಗಿದೆಯೆಂದು ಮೆಚ್ಚಿದರು.

ಮೊದಮೊದಲು ಸಿನಿಮಾ ನೋಡುವುದಕ್ಕೆಂದು ಉಪಯೋಗವಾದ ಆ ಪೆಟ್ಟಿಗೆ, ಕೆಲವು ವರ್ಷಗಳಲ್ಲಿ ಒಂದೇ ಒಂದು ಕ್ಯಾಸೆಟ್ಟಿಗೆ ಮೀಸಲಾಯಿತು. ಆ ಕ್ಯಾಸೆಟ್ಟಿನ ವಿಷಯವನ್ನು ಹೇಳದೆ ಮುಂದಿನದು ಅರ್ಥವಾಗಲಾರದು.

ನಮ್ಮ ತಂದೆಯವರು ಇಲ್ಲಿಯ ಒಂದು ಹತ್ತಿಯ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಕಂಠ ದೊಡ್ಡದಲ್ಲದಿದ್ದರೂ ಶ್ರುತಿ ಶುದ್ಧವಾಗಿತ್ತು. ಈ ಊರು ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಾಗಿದ್ದು, ಸಿದ್ಧರಾಮೇಶ್ವರರ ವಚನಗಳು ಹುಟ್ಟಿದ ನೆಲವೆಂಬ ಅಭಿಮಾನ ಅವರಿಗೆ ಬಹಳ. ಸಂಜೆ ಕೈಕಾಲು ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕುಳಿತು ವಚನಗಳನ್ನು ಹಾಡುವರು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತ ಬಂದಾಗ ಧ್ವನಿಯನ್ನು ತುಸು ಇಳಿಸುವರು. 1984ರಲ್ಲಿ ನೆಂಟರೊಬ್ಬರು ಟೇಪ್ ರೆಕಾರ್ಡರ್ ತಂದಿದ್ದಾಗ, ರಾತ್ರಿ ಪಾಳಿಗೆ ಹೊರಡುವ ಮೊದಲು ತಂದೆಯವರು ಕುಳಿತು ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನ ಎರಡು ಮಗ್ಗುಲನ್ನೂ ತುಂಬಿಸಿದರು. ಹಾಡುಗಳ ನಡುವೆ ಅವರ ಕೆಮ್ಮು ಇದೆ, ಅಡಿಗೆಮನೆಯ ಪಾತ್ರೆಯ ಸದ್ದಿದೆ, ಯಾರೋ ಮಗುವನ್ನು ಗದರಿದ್ದಿದೆ. ಎರಡನೆಯ ಮಗ್ಗುಲಿನ ಕೊನೆಗೆ ದೂರದಲ್ಲಿ ಗಿರಣಿಯ ಭೋಂಗಾ ಕೂಗುತ್ತದೆ. ಅರ್ಧಕ್ಕೇ ಹಾಡು ನಿಲ್ಲಿಸಿ ತಂದೆಯವರು, “ಸಾಕಿನ್ನ, ಭೋಂಗಾ ಆತು. ಹೋಗಿ ಬರ್ತೀನಿ” ಎನ್ನುತ್ತಾರೆ. ಎದ್ದ ಸಪ್ಪಳ, ಬಾಗಿಲ ಸಪ್ಪಳ. ಅಷ್ಟರಲ್ಲಿ ಟೇಪು ಮುಗಿಯುತ್ತದೆ.

ತಂದೆಯವರು 1996ರಲ್ಲಿ ತೀರಿಕೊಂಡರು. ನಮ್ಮ ತಾಯಿಯವರಿಗೆ ವಯಸ್ಸು ಎಂಬತ್ತು ದಾಟಿ, ಕಣ್ಣು ಮಂಜಾಗಿ, ಕಿವಿಯೂ ಮಂದವಾದ ಮೇಲೆ ಆ ಕ್ಯಾಸೆಟ್ಟೇ ಅವರ ಸಂಜೆಯ ನಿಯಮವಾಯಿತು. ನಡುವಿನಿಂದ ಹಚ್ಚಿದರೆ ಒಪ್ಪುತ್ತಿರಲಿಲ್ಲ. ಮೊದಲ ಮಗ್ಗುಲಿನಿಂದಲೇ ಆರಂಭವಾಗಬೇಕು. ಕೊನೆಗೆ “ಹೋಗಿ ಬರ್ತೀನಿ” ಎಂಬ ಮಾತು ಬಂದಾಗ, “ಹೂಂ, ಹುಷಾರ ಬರ್ರಿ” ಎಂದು ಕತ್ತಲಿಗೆ ಉತ್ತರ ಕೊಟ್ಟು, ಮಗ್ಗುಲಾಗಿ ಮಲಗುವರು. ಇದನ್ನು ಕಂಡು ಮೊದಲು ನಮಗೆ ಸಂಕಟವಾಗುತ್ತಿತ್ತು. ಆಮೇಲೆ ರೂಢಿಯಾಯಿತು. ರೂಢಿಯಾದುದೇ ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತದೆ.

ಏಪ್ರಿಲ್ ಎರಡನೆಯ ವಾರದ ಒಂದು ಸಂಜೆ, ಟೇಪು ಹಚ್ಚಿ ಇಪ್ಪತ್ತು ನಿಮಿಷವಾಗಿರಬಹುದು, ಶೋಕೇಸಿನೊಳಗೆ ‘ಟಿಕ್’ ಎಂಬ ಸಣ್ಣ ಸದ್ದಾಗಿ ಧ್ವನಿ ನಿಂತುಹೋಯಿತು. ಪೆಟ್ಟಿಗೆಯ ಮುಖದ ಮೇಲೆ ಒಂದು ಕೆಂಪು ದೀಪ ಕಣ್ಣು ಮಿಟುಕಿಸತೊಡಗಿತು. ಡೆಕ್ಕಿನಲ್ಲಿ ಕ್ಯಾಸೆಟ್ಟು ಮಾತ್ರ ಸುತ್ತುತ್ತಲೇ ಇತ್ತು. ಗುಂಡಿಯನ್ನು ಮತ್ತೆ ಒತ್ತಿದೆವು, ಧ್ವನಿ ಬಂದಿತು, ಎರಡು ನಿಮಿಷಕ್ಕೆ ಮತ್ತೆ ನಿಂತಿತು. ಮತ್ತೆ ಒತ್ತಿದೆವು. ಹೀಗೆ ಆ ರಾತ್ರಿ ಆರೇಳು ಸಲ ಒತ್ತಿರಬೇಕು. ಕಡೆಗೆ ಪೆಟ್ಟಿಗೆ ಸುಮ್ಮನಾಯಿತು. ಹಿಂದಿನ ಕೋಣೆಯಿಂದ ತಾಯಿಯವರು, “ಯಾಕ, ಇವತ್ತ ಲಗೂನ ಹೋದ್ರೇನು?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮನೆಯ ಯಂತ್ರ ಕೆಟ್ಟಾಗ ಗೃಹಸ್ಥನಾದವನು ಮೊದಲು ದೂರುವುದು ವಿದ್ಯುತ್ ಮಂಡಳಿಯನ್ನು. ವೋಲ್ಟೇಜು ಏರಿಳಿಯುತ್ತಿರಬೇಕೆಂದು ನಿರ್ಧರಿಸಿ ಒಂದು ಸ್ಟೆಬಿಲೈಸರ್ ತಂದೆವು. ಗುಣ ಕಾಣಲಿಲ್ಲ. ಆಮೇಲೆ ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯ ಹುಡುಗ ಮುಚ್ಚಳವನ್ನೂ ತೆಗೆಯದೆ, ಆಂಪ್ಲಿಫೈಯರಿನ ಬೋರ್ಡು ಹೋಗಿದೆ, ಈ ಮಾದರಿಯ ಬೋರ್ಡು ಈಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿರಿ ಎಂದ. ಹೊಸದರ ಬೆಲೆ ಕೇಳಿ ನಾವು ಹಳೆಯದನ್ನು ಎತ್ತಿಕೊಂಡು ಮನೆಗೆ ಬಂದೆವು. ಪುಣೆಯಿಂದ ಮಗ, ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿ ಅಜ್ಜಿಗೆ ಕೇಳಿಸಿರೆಂದ. ಮೊಬೈಲನ್ನು ಶೋಕೇಸಿನ ಮುಂದೆ ಹಿಡಿದು ಹಾಡಿನ ಒಂದು ತುಂಡನ್ನು ಇಳಿಸಿ ಅವರ ಕಿವಿಗೆ ಹಿಡಿದುದಾಯಿತು. ತಾಯಿಯವರು ಸ್ವಲ್ಪ ಹೊತ್ತು ಆಲಿಸಿ, “ಇದು ಅವರ ಧ್ವನಿ ಅಲ್ಲ, ಯಾರೋ ಅವರಂಗ ಹಾಡ್ಲಿಕ್ಹತ್ಯಾರ” ಎಂದು ಮುಖ ತಿರುಗಿಸಿದರು.

ನೆರೆಮನೆಯವರು ಒಬ್ಬ ಹಿರಿಯ ಮೆಕ್ಯಾನಿಕರನ್ನು ಕರೆತಂದರು. ಗಣೇಶೋತ್ಸವದ ಮಂಡಳಿಗಳ ಧ್ವನಿವರ್ಧಕಗಳನ್ನು ನಲವತ್ತು ವರ್ಷ ರಿಪೇರಿ ಮಾಡಿದವರು. ಮನೆಮಾತು ತೆಲುಗು, ನಮ್ಮೊಡನೆ ಮರಾಠಿ, ತಾಯಿಯವರನ್ನು ಕಂಡೊಡನೆ ಕನ್ನಡ. ನಮ್ಮ ಊರಿನಲ್ಲಿ ಇದು ವಿಶೇಷವೇನಲ್ಲ. ಅವರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೊದಲು ಎರಡು ಪ್ರಶ್ನೆ ಕೇಳಿದರು: ಹಚ್ಚಿದ ಕೂಡಲೆ ನಿಲ್ಲುತ್ತದೆಯೋ, ಸ್ವಲ್ಪ ಹೊತ್ತು ನಡೆದು ನಿಲ್ಲುತ್ತದೆಯೋ? ಅರ್ಧ ತಾಸು ಬಿಟ್ಟು ಹಚ್ಚಿದರೆ ಮತ್ತೆ ನಡೆಯುತ್ತದೆಯೋ, ಇಲ್ಲವೋ?

ಹಚ್ಚಿದ ಕೂಡಲೆ ನಿಂತರೆ ತಂತಿ ತಂತಿಗೆ ತಗುಲಿರಬೇಕು, ಇಲ್ಲವೆ ಒಳಗಿನ ಟ್ರಾನ್ಸಿಸ್ಟರು ಸುಟ್ಟಿರಬೇಕು. ನಡೆದು ನಿಂತು, ತಣಿದ ಮೇಲೆ ಮತ್ತೆ ನಡೆದರೆ ಅದು ಶಾಖದ ಬಾಧೆ. ನಮ್ಮದು ಎರಡನೆಯ ಜಾತಿಯದು. “ಬೋರ್ಡು ಸತ್ತಿಲ್ಲ,” ಎಂದರು ಅವರು. “ಸಾಯಬಾರದು ಅಂತ ಅದು ತಾನೇ ಬಂದ್ ಆಗ್ತದ. ನೀವು ಮತ್ತ ಮತ್ತ ಎಬಸ್ತೀರಿ.” ಒಳಗೆ ಶಾಖವನ್ನು ಅಳೆಯುವ ಒಂದು ಸಣ್ಣ ಸಂವೇದಕವಿದೆಯಂತೆ; ಮಿತಿ ಮೀರಿದೊಡನೆ ಅದು ರಿಲೇ ಎಂಬ ಕೀಲಿಯನ್ನು ಬಿಡಿಸಿ ಧ್ವನಿಯನ್ನು ಕಡಿಯುತ್ತದೆ. ನಾವು ಕೇಳಿದ ‘ಟಿಕ್’ ಆ ಕೀಲಿಯ ಸದ್ದು. ರೋಗವೆಂದು ನಾವು ದೂರುತ್ತಿದ್ದುದು ಕಾವಲುಗಾರನನ್ನು. ಸುಟ್ಟ ವಾಸನೆ ಬಂದರೆ ಮಾತ್ರ ಮರುಮಾತಿಲ್ಲದೆ ಪ್ಲಗ್ಗು ಕಿತ್ತಿಡಬೇಕೆಂದೂ ಎಚ್ಚರಿಸಿದರು.

ಆಮೇಲೆ ಶೋಕೇಸಿನ ಮುಂದೆ ಕುಳಿತು, “ಇದು ಇಲ್ಲೇ ಇರ್ತದೇನು?” ಎಂದು ಕೇಳಿದರು. ಹೌದೆಂದೆವು. ಅವರು ನಕ್ಕರು.

ಅವರು ಹೇಳಿದ ಕಾರಣವನ್ನು ನಮಗೆ ತಿಳಿದಷ್ಟು ಇಲ್ಲಿ ನಿವೇದಿಸುತ್ತೇವೆ. ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟು ಎಬಿ ವರ್ಗದ ವರ್ಧಕಗಳಿರುತ್ತವೆ. ಹಾಡು ನಿಂತಿದ್ದಾಗಲೂ ಅವುಗಳ ಟ್ರಾನ್ಸಿಸ್ಟರುಗಳಲ್ಲಿ ಸ್ವಲ್ಪ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಮನೆಯಲ್ಲಿ ಸಾಧಾರಣ ಮಟ್ಟದಲ್ಲಿ ಕೇಳುವಾಗ ಧ್ವನಿವರ್ಧಕಕ್ಕೆ ಮುಟ್ಟುವುದು ಒಂದೆರಡು ವ್ಯಾಟು. ಗೋಡೆಯಿಂದ ಪೆಟ್ಟಿಗೆ ಎಳೆದುಕೊಳ್ಳುವುದು ಅದರ ಹತ್ತಾರು ಪಟ್ಟು. ಮಿಕ್ಕುದೆಲ್ಲ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವನ್ನು ಟ್ರಾನ್ಸಿಸ್ಟರುಗಳಿಂದ ಹೀರಿಕೊಳ್ಳಲು ಅಲ್ಯುಮಿನಿಯಮ್ಮಿನ ಹಲ್ಲುಹಲ್ಲಾದ ಪಟ್ಟಿಗಳಿವೆ. ಪಟ್ಟಿಗಳಿಂದ ಗಾಳಿ ಅದನ್ನು ಒಯ್ಯಬೇಕು. ಬಿಸಿಯಾದ ಗಾಳಿ ಮೇಲಿನ ಸೀಳುಗಳಿಂದ ಹೊರಗೆ ಹೋಗಿ, ತಂಪು ಗಾಳಿ ತಳದ ಸೀಳುಗಳಿಂದ ಒಳಗೆ ಬರಬೇಕು; ಒಲೆಯ ಮೇಲಿನ ಹೊಗೆಗೂಡು ಕೆಲಸ ಮಾಡುವ ರೀತಿ. ನಾವು ಆ ಹೊಗೆಗೂಡಿನ ಬಾಯಿಗೆ ಚಾದರ ಹೊದಿಸಿ, ಚಾದರದ ಮೇಲೆ ಎರಡು ಯಂತ್ರಗಳನ್ನು ಹೇರಿ, ಎದುರಿಗೆ ಗಾಜಿನ ಬಾಗಿಲು ಹಾಕಿದ್ದೆವು. ಕೈಪಿಡಿಯನ್ನು ಹುಡುಕಿ ತೆಗೆದು ಓದಿದಾಗ, ಪೆಟ್ಟಿಗೆ ಇರುವ ಸ್ಥಳದ ಉಷ್ಣತೆ 35 ಡಿಗ್ರಿಯನ್ನು ಮೀರಬಾರದೆಂದು ಅಚ್ಚಾಗಿತ್ತು. ನಮ್ಮ ನಡುಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಉಷ್ಣತಾಮಾಪಕ 37 ತೋರಿಸುತ್ತಿತ್ತು. ಗುಂಡಿ ಒತ್ತುವ ಮೊದಲೇ ಮಿತಿ ಮೀರಿ ಆಗಿತ್ತು.

ಮೆಕ್ಯಾನಿಕರು ನಮಗೊಂದು ವ್ರತ ವಿಧಿಸಿದರು. ಒಂದು ದಿನಕ್ಕೆ ಒಂದೇ ಬದಲಾವಣೆ. ಎಷ್ಟು ನಿಮಿಷಕ್ಕೆ ನಿಲ್ಲುತ್ತದೆಂಬುದನ್ನು ಬರೆದಿಡುವುದು. ನಿಂತರೆ ಅಂದು ಮತ್ತೆ ಹಚ್ಚಬಾರದು. ಎಲ್ಲವನ್ನೂ ಒಮ್ಮೆಲೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ, ಅದು ತಿಳಿಯದಿದ್ದರೆ ರೋಗ ಮರಳಿ ಬಂದಾಗ ಮತ್ತೆ ಕುರುಡಾಗುತ್ತೀರಿ ಎಂದರು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನಮ್ಮ ಮಗಳು ಹಾಲಿನ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಬರೆಯತೊಡಗಿದಳು. ಮೊದಲ ದಿನ, ಇದ್ದಂತೆಯೇ, 22 ನಿಮಿಷ. ಚಾದರವನ್ನೂ ಮೇಲಿನ ಎರಡು ಯಂತ್ರಗಳನ್ನೂ ತೆಗೆದ ದಿನ 29. ಪೆಟ್ಟಿಗೆಯನ್ನು ಶೋಕೇಸಿನಿಂದ ಹೊರತಂದು, ಸುತ್ತಲೂ ಒಂದು ಗೇಣು ಬಯಲು ಬಿಟ್ಟು ಮೇಜಿನ ಮೇಲಿಟ್ಟ ದಿನ 38.

ಈ ಮೂರು ದಿನವೂ ತಾಯಿಯವರು ಹಿಂದಿನ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದರು. ತಂದೆಯವರ ಮಾತು ಬರುವುದು 55ನೆಯ ನಿಮಿಷಕ್ಕೆ. ಅದಕ್ಕೆ ಮೊದಲೇ ಹಾಡು ಕಡಿದುಹೋದರೆ ಅವರು ಮಲಗುತ್ತಿರಲಿಲ್ಲ. ಮಧ್ಯರಾತ್ರಿ ನೀರು ಕೊಡಲು ಹೋದವರಿಗೆ, ಗೋಡೆಯ ಕಡೆ ಕಿವಿಯಿಟ್ಟು ಕುಳಿತಿರುವುದು ಕಾಣುತ್ತಿತ್ತು. ಊಟ ಅರ್ಧಕ್ಕಿಳಿದಿತ್ತು. ಮಾತೂ ಕಡಿಮೆಯಾಗಿತ್ತು. ಬಿಸಿಲಿನ ಬಾಧೆಯೆಂದು ಡಾಕ್ಟರು ಎಳನೀರು, ಉಪ್ಪು ಸಕ್ಕರೆಯ ನೀರು ಹೇಳಿದರು. ಕೋಣೆಯ ಕಿಟಕಿಗಳನ್ನು ನಾವು ಇನ್ನಷ್ಟು ಭದ್ರವಾಗಿ ಮುಚ್ಚಿದೆವು.

ಭಾನುವಾರ ಮೆಕ್ಯಾನಿಕರು ಮತ್ತೆ ಬಂದರು. ಪ್ಲಗ್ಗು ಕಿತ್ತು, ಒಳಗಿನ ಕೆಪಾಸಿಟರುಗಳಲ್ಲಿ ನಿಂತಿರುವ ವಿದ್ಯುತ್ತು ಇಳಿಯಲೆಂದು ಬಹಳ ಹೊತ್ತು ಕಾದು, ಚಹಾ ಮುಗಿಸಿ, ಆಮೇಲೆ ಮುಚ್ಚಳ ತೆಗೆದರು. ಪ್ಲಗ್ಗು ಕಿತ್ತ ಮಾತ್ರಕ್ಕೆ ಒಳಗು ನಿರಪಾಯವಲ್ಲವೆಂಬುದು ಅರಿಯದವರು ನೆನಪಿಡತಕ್ಕ ವಿಷಯ. ಒಳಗೆ ಕಂಡುದು ನಮ್ಮನ್ನು ನಾಚಿಸಿತು. ಅಲ್ಯುಮಿನಿಯಮ್ಮಿನ ಹಲ್ಲುಗಳ ನಡುವೆ ಬೂದು ಬಣ್ಣದ ಒಂದು ಕಂಬಳಿಯೇ ನೇಯ್ದಂತೆ ಕೂತಿತ್ತು. ಬ್ರಶ್ಶಿನಿಂದ ಸಡಿಲಿಸಿದಾಗ ಅದು ಇಡಿಯಾಗಿ ಎದ್ದು ಬಂದಿತು. ಹಿಂದಿನ ಚಿಕ್ಕ ಪಂಖದ ಎಲೆಗಳಿಗೂ ಅದೇ ಮೆತ್ತಿಕೊಂಡಿತ್ತು. ಪಂಖ ಸುತ್ತದಂತೆ ಬೆರಳಿಂದ ಹಿಡಿದು, ಬ್ಲೋವರಿನಿಂದ ಗಾಳಿ ಊದಿ ಸ್ವಚ್ಛಗೊಳಿಸಿದರು.

ಆ ಬೂದು ತುಂಡನ್ನು ಮಗಳು ಅಜ್ಜಿಗೆ ತೋರಿಸಲು ಒಯ್ದಳು. ಕಣ್ಣು ಕಾಣದ ಅವರು ಬೆರಳ ನಡುವೆ ಹೊಸೆದು ನೋಡಿ, “ಧೂಳಲ್ಲವಾ ಇದು, ಅರಳಿ,” ಎಂದರು. ಸುತ್ತಲಿನ ಓಣಿಗಳಲ್ಲಿ ಹಗಲಿರುಳು ನಡೆಯುವ ಪವರ್‌ಲೂಮುಗಳ ಹತ್ತಿಯ ನವುರು ಅದು. ಗಿರಣಿಯಲ್ಲಿ ಮೋಟಾರಿಗೆ ಅರಳಿ ಮೆತ್ತಿದರೆ ಹೀಗೆಯೇ ಕಾದು ಸುಡುತ್ತಿತ್ತೆಂದೂ, ತಂದೆಯವರು ಪ್ರತಿ ವಾರ ಅದನ್ನು ಬಿಡಿಸುತ್ತಿದ್ದರೆಂದೂ, ಬಿಡಿಸದ ಒಬ್ಬನಿಗೆ ದಂಡ ಬಿದ್ದಿತ್ತೆಂದೂ ಹೇಳಿದರು. ಆ ವಾರದಲ್ಲಿ ಅವರು ಆಡಿದ ಅತಿ ದೀರ್ಘವಾದ ಮಾತು ಅದೇ. ಮಗಳು ಬಂದು ನಮಗೆ ಹೇಳಿದಾಗ, ಇಷ್ಟನ್ನು ನಾವೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರಲ್ಲ ಎನ್ನಿಸಿತು. ಯಾರೂ ಅವರನ್ನು ಕೇಳಿರಲಿಲ್ಲ.

ಅಂದು ಸಂಜೆ ಪೆಟ್ಟಿಗೆ 47 ನಿಮಿಷ ನಡೆಯಿತು. ಎಂಟು ನಿಮಿಷ ಕಡಿಮೆ.

ಮೆಕ್ಯಾನಿಕರು ಇನ್ನೂ ಅಲ್ಲಿಯೇ ಇದ್ದರು. ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿ, ತಂತಿಗಳನ್ನು ಒಂದೊಂದಾಗಿ ಬೆರಳಿಂದ ಎಣಿಸುತ್ತ ಬಂದು, ಮುಂದಿನ ಧ್ವನಿವರ್ಧಕಗಳ ರಂಧ್ರದಲ್ಲಿ ನಿಂತರು. ಒಂದೊಂದು ರಂಧ್ರದಲ್ಲಿಯೂ ಎರಡೆರಡು ತಂತಿಗಳು ಹೊಸೆದುಕೊಂಡಿದ್ದವು. “ಈ ಇನ್ನೊಂದು ಜೋಡಿ ಎಲ್ಲಿಗೆ ಹೋಗ್ತದ?” ಎಂದು ಕೇಳಿದರು.

ಇದಕ್ಕೆ ಉತ್ತರ ಹೇಳುವುದು ನಮಗೆ ಅಷ್ಟು ಸುಲಭವಾಗಲಿಲ್ಲ. ಹಿಂದಿನ ವರ್ಷದವರೆಗೆ ತಾಯಿಯವರು ನಡುಮನೆಯಲ್ಲಿಯೇ, ತಂದೆಯವರು ಬೆನ್ನು ಕೊಟ್ಟು ಕೂಡುತ್ತಿದ್ದ ಗೋಡೆಯ ಬಳಿ, ಕುಳಿತು ಕೇಳುತ್ತಿದ್ದರು. 2018ರಲ್ಲಿ ಮೊಣಕಾಲಿನ ನೋವು ಹೆಚ್ಚಾಯಿತು. ಕೋಣೆಯಿಂದ ನಡುಮನೆಗೆ ಹದಿನೈದು ಹೆಜ್ಜೆ. ಪ್ರತಿ ಸಂಜೆ ಒಬ್ಬರು ಕೈ ಹಿಡಿದು ಕರೆತರಬೇಕು, ಮತ್ತೆ ಕೈ ಹಿಡಿದು ಒಯ್ಯಬೇಕು. ಕಿವಿ ಮಂದವಾದುದರಿಂದ ಧ್ವನಿಯೂ ಜೋರಾಗಿರಬೇಕು. ಅವರಿಗೆ ತ್ರಾಸವಾಗುತ್ತದೆಂದು ನಾವು ಹೇಳಿಕೊಂಡೆವು. ಹಳೆಯ ಎರಡು ಧ್ವನಿವರ್ಧಕಗಳನ್ನು ಅವರ ಕೋಣೆಯಲ್ಲಿ ತೂಗುಹಾಕಿ, ಗೋಡೆಗುಂಟ ತಂತಿ ಎಳೆದು, ಮುಂದಿನ ಜೋಡಿಯ ರಂಧ್ರಗಳಲ್ಲಿಯೇ ಸಿಕ್ಕಿಸಿದೆವು. ಅಂದಿನಿಂದ ಟೇಪು ಹಚ್ಚಿ, ಆ ಜೋರು ಧ್ವನಿಗೆ ಬೇಸತ್ತು, ನಡುಮನೆಯ ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂಡುವುದು ವಾಡಿಕೆಯಾಯಿತು. ಯಾರೂ ಇಲ್ಲದ ನಡುಮನೆಯಲ್ಲಿ ತಂದೆಯವರು ಹಾಡುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ತಾಯಿಯವರು ಒಬ್ಬರೇ ಕೇಳುತ್ತಿದ್ದರು.

ಮೆಕ್ಯಾನಿಕರಿಗೆ ಇದೆಲ್ಲ ಬೇಕಿರಲಿಲ್ಲ. ಅವರು ಮೀಟರು ಹಚ್ಚಿ ಅಳೆದರು. ಒಂದು ಧ್ವನಿವರ್ಧಕಕ್ಕೆ ತೋರಿದ ಅಂಕೆ, ಎರಡು ಕೂಡಿದಾಗ ಅರ್ಧಕ್ಕಿಳಿಯಿತು. 8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್. ಪೆಟ್ಟಿಗೆಯ ಬೆನ್ನಿನ ಮೇಲೆ 6ರಿಂದ 16 ಓಮ್ ಎಂದು ಅಚ್ಚಾಗಿತ್ತು. ಜರ್ಮನಿಯ ಗೇಯಾರ್ಗ್ ಓಮ್ ಎಂಬ ಉಪಾಧ್ಯಾಯರು 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಒತ್ತಡ ಅಷ್ಟೇ ಇದ್ದು ಪ್ರತಿರೋಧ ಅರ್ಧವಾದರೆ ಹರಿಯುವ ವಿದ್ಯುತ್ತು ಇಮ್ಮಡಿ. ವಿದ್ಯುತ್ತು ಹೆಚ್ಚಿದಂತೆ ಟ್ರಾನ್ಸಿಸ್ಟರುಗಳ ಕಾವೂ ಹೆಚ್ಚುತ್ತದೆ. ಚಳಿಗಾಲದಲ್ಲಿ ಪೆಟ್ಟಿಗೆ ಅದನ್ನು ಹೇಗೋ ತಾಳಿಕೊಂಡಿತ್ತು. “ನಾಲ್ಕು ಸಾಲ ಮಾಡೀರಿ: ಚಾದರ, ಗಾಜು, ಅರಳಿ, ಈ ತಂತಿ. ಬ್ಯಾಸಗಿ ವಸೂಲಿಗೆ ಬಂತು, ಅಷ್ಟೇ,” ಎಂದರು ಮೆಕ್ಯಾನಿಕರು.

ಪರಿಹಾರವೂ ಅವರಲ್ಲಿಯೇ ಇತ್ತು. ಎರಡೂ ಜೋಡಿಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ 16 ಓಮ್ ಆಗಿ ಭಾರ ಇಳಿಯುತ್ತದೆ, ಧ್ವನಿ ತುಸು ಕುಗ್ಗುತ್ತದೆ. ಇಲ್ಲವೆ ಕೋಣೆಗೆ ಬೇರೆಯೇ ಒಂದು ಚಿಕ್ಕ ವರ್ಧಕವನ್ನು ಕೊಳ್ಳಬಹುದು. ಎರಡು ಸಾವಿರ ರೂಪಾಯಿಯೊಳಗೆ ಆದೀತು. ಹೀಗೆ ಹೇಳಿ, ಸ್ಕ್ರೂಗಳನ್ನು ತಿರುವುತ್ತ, ತಲೆಯೆತ್ತದೆಯೇ, “ಇಲ್ಲಂದ್ರ ಅವ್ವಾರನ್ನ ಇಲ್ಲೇ ಕರಕೊಂಡ ಬರ್ರಿ. ಅದಕ್ಕ ಖರ್ಚಿಲ್ಲ,” ಎಂದರು.

ಅವರು ಅದನ್ನು ಲೆಕ್ಕದ ಮಾತಾಗಿಯೇ ಆಡಿದರು. ನಾವು ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎರಡನೆಯ ಜೋಡಿಯ ತಂತಿಗಳನ್ನು ಕಿತ್ತು ಸುತ್ತಿಟ್ಟೆವು.

ಮರುದಿನ ಸಂಜೆ ಏಳು ಗಂಟೆಗೆ ತಾಯಿಯವರನ್ನು ಕೈ ಹಿಡಿದು ಕರೆತಂದೆವು. ಹದಿನೈದು ಹೆಜ್ಜೆಗೆ ಆರು ನಿಮಿಷ ಹಿಡಿಯಿತು. ಮಗಳು ಅದನ್ನೂ ವಹಿಯಲ್ಲಿ ಬರೆದಳು. ಹಳೆಯ ಗೋಡೆಗೆ ದಿಂಬು ಕೊಟ್ಟು ಕೂಡಿಸಿದೆವು. ಕಿಟಕಿಗಳನ್ನು ತೆರೆದೆವು. ಪೆಟ್ಟಿಗೆ ಅವರಿಂದ ಮೂರು ಮೊಳ ದೂರದಲ್ಲಿ, ಬಯಲಲ್ಲಿ, ಮೈ ಬಿಟ್ಟುಕೊಂಡು ಕುಳಿತಿತ್ತು. ಹತ್ತಿರವೇ ಇದ್ದುದರಿಂದ ಧ್ವನಿಯನ್ನು ಮೊದಲಿನಷ್ಟು ಏರಿಸಬೇಕಾಗಲಿಲ್ಲ. ಅದರಿಂದಲೂ ಕಾವು ಇಳಿಯಿತು. ನಾವೆಲ್ಲ ಸುತ್ತ ಕುಳಿತೆವು. ಆ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ನಾವು ಕೇಳಿ ಎಷ್ಟು ಕಾಲವಾಗಿತ್ತೋ! ಅಂಕಿತ ಬಂದಾಗಲೆಲ್ಲ ತಾಯಿಯವರ ತುಟಿ ಅಲುಗುತ್ತಿತ್ತು. ಗದರಿಸಿಕೊಂಡ ಮಗು ಯಾರೆಂದು ಮಗಳು ಕೇಳಿದಳು. “ನಿಮ್ಮಪ್ಪ,” ಎಂದರು, ನಕ್ಕರು. 47 ದಾಟಿತು. 50 ದಾಟಿತು. ಭೋಂಗಾ ಕೂಗಿತು. “ಸಾಕಿನ್ನ, ಭೋಂಗಾ ಆತು. ಹೋಗಿ ಬರ್ತೀನಿ.”

“ಹೂಂ, ಹುಷಾರ ಬರ್ರಿ.”

ಕೆಂಪು ದೀಪ ಹತ್ತಲಿಲ್ಲ. ಮೆಕ್ಯಾನಿಕರು ಹೇಳಿದ್ದಂತೆ ಪರೀಕ್ಷೆಗಾಗಿ ಇನ್ನೂ ಒಂದು ತಾಸು ಬೇರೆ ಏನನ್ನೋ ನುಡಿಸಿದೆವು, ನಿಲ್ಲಲಿಲ್ಲ. ತಾಯಿಯವರು ಅಂದು ಎರಡು ರೊಟ್ಟಿ ಉಂಡು ನಡುಮನೆಯಲ್ಲಿಯೇ ಮಲಗಿದರು. ಅವರ ಊಟ ಮರಳಿದ್ದು ಹಾಡಿನಿಂದಲೋ, ತೆರೆದ ಕಿಟಕಿಯಿಂದಲೋ, ಸುತ್ತ ಕುಳಿತವರಿಂದಲೋ ನಾವು ಹೇಳಲಾರೆವು. ಆ ದಿನ ನಾವು ಒಮ್ಮೆಲೆ ಹಲವನ್ನು ಬದಲಿಸಿದ್ದೆವು.

ಹಣ ಕೊಡಹೋದಾಗ ಮೆಕ್ಯಾನಿಕರು ಮುನ್ನೂರು ರೂಪಾಯಿ ತೆಗೆದುಕೊಂಡು, ಕ್ಯಾಸೆಟ್ಟಿನ ಆಯುಷ್ಯವೂ ಶಾಶ್ವತವಲ್ಲ, ಪ್ರತಿ ಸಲ ಓಡಿದಾಗಲೂ ಸವೆಯುತ್ತದೆ, ಪ್ರತಿ ಮಾಡಿಸಿಡಿರೆಂದರು. ಮಗ ಜೂನಿನಲ್ಲಿ ಬಂದು, ಡೆಕ್ಕಿನಿಂದ ನೇರವಾಗಿ ಕಂಪ್ಯೂಟರಿಗೆ ತಂತಿ ಕೊಟ್ಟು ಸ್ವಚ್ಛವಾದ ಪ್ರತಿಯೊಂದನ್ನು ಮಾಡಿದ. ಅದಕ್ಕೂ ಮೊದಲು ಒಂದು ಸಂಜೆ ಮಗಳು ಮೊಬೈಲನ್ನು ಧ್ವನಿವರ್ಧಕದ ಮುಂದಿಟ್ಟು ಒರಟಾದ ಪ್ರತಿಯೊಂದನ್ನು ಮಾಡಿದ್ದಳು. ಅದರಲ್ಲಿ ಪಂಖದ ಸದ್ದಿದೆ, ಹೊರಗಿನ ರಿಕ್ಷಾದ ಹಾರ್ನಿದೆ. ತಾಯಿಯವರು 2022ರಲ್ಲಿ ತೀರಿಕೊಂಡ ಮೇಲೆ ನಾವು ಕೇಳುವುದು ಆ ಒರಟು ಪ್ರತಿಯನ್ನೇ. ಅದರಲ್ಲಿ “ಹೋಗಿ ಬರ್ತೀನಿ” ಎಂಬುದಕ್ಕೆ ಉತ್ತರವೂ ಇದೆ.

ಪೆಟ್ಟಿಗೆ ಇನ್ನೂ ನಡೆಯುತ್ತಿದೆ. ಒಳಗಿನ ಕಾವು ಹತ್ತು ಡಿಗ್ರಿ ಇಳಿದರೆ ಕೆಪಾಸಿಟರುಗಳ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆಂಬುದು ಬಲ್ಲವರ ಸ್ಥೂಲ ಲೆಕ್ಕ. ಯುಗಾದಿಗೆ ಮೊದಲು, ಬಿಸಿಲು ಏರುವ ಮುನ್ನ, ವರ್ಷಕ್ಕೊಮ್ಮೆ ಅದೇ ಮೆಕ್ಯಾನಿಕರಿಂದ ಅರಳಿ ತೆಗೆಸುತ್ತೇವೆ. ಅದರ ಮೇಲೆ ಏನನ್ನೂ ಇಡುವುದಿಲ್ಲ. ಹಾಡು ನಡೆದಿರುವಾಗ ಒಮ್ಮೆ ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟು ಹತ್ತು ಎಣಿಸುತ್ತೇವೆ. ಕೈ ಇಡಲಾದರೆ ಕ್ಷೇಮ. ಇಡಲಾಗದಿದ್ದರೆ ಎಲ್ಲಿಯೋ ಉಸಿರು ಕಟ್ಟಿದೆಯೆಂದು ತಿಳಿಯಬೇಕು. ಇಂಥ ಪೆಟ್ಟಿಗೆಯೊಂದು ತಮ್ಮ ಮನೆಯ ಗಾಜಿನ ಹಿಂದೆ ಇದ್ದರೆ, ವಾಚಕರು ಇಂದು ಸಂಜೆ ಒಮ್ಮೆ ಕೈ ಇಟ್ಟು ನೋಡಲಿ. ಹಿಂದಿನ ಕೋಣೆಗೆ ತಂತಿ ಎಳೆದಿದ್ದರೆ, ಅದು ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಲಿ.